ಪಕ್ಕದ ಮರ

ಹೋದ ತಿಂಗಳು ಇಡಗುಂದಿಯ ಹತ್ತಿರ ಒಬ್ಬ ಮನುಷ್ಯ ತೀರಿಕೊಂಡ. ಹೆಣ ಸುಡುವ ಜಾಗದಲ್ಲಿ ನಾನೂ ನಿಂತಿದ್ದೆ. ಪಕ್ಕದಲ್ಲಿದ್ದವರೊಬ್ಬರು, ನನಗೆ ಗುರುತಿಲ್ಲದವರು, ಬೇಲಿಯಾಚೆ ಎಲೆಯಡಿಕೆಯ ಕವಳ ಉಗುಳಿ ಬಂದು, "ಹಡಗಿಂದ ಜಾರಿ ಬಿದ್ದ ಗೌಡ ಇವ್ನೇ ಅಲ್ರಾ?" ಎಂದು ಕೇಳಿದರು. "ಜಾರಿ ಬೀಳಲಿಲ್ಲ" ಎಂದೆ. ಸ್ವಲ್ಪ ಗಟ್ಟಿಯಾಗಿಯೇ ಎಂದೆನೇನೋ, ಅವರು ನನ್ನ ಮುಖ ನೋಡಿದರು. "ಹಂಗಾರೆ ಎಂತ ಆಯ್ತು?" ಎಂದರು. ಅಷ್ಟರಲ್ಲಿ ಯಾರೋ ಕಟ್ಟಿಗೆ ಎತ್ತಿಕೊಡಲು ಕರೆದರು, ಅವರು ಹೋದರು. ಮತ್ತೆ ಬಂದು ಕೇಳಲಿಲ್ಲ. ಅವರಿಗೆ ಹೇಳಬೇಕಾಗಿದ್ದನ್ನು ಈಗ ಇಲ್ಲಿ ಬರೆಯುತ್ತಿದ್ದೇನೆ.

ಅವನ ಹೆಸರು ಬರೆಯುವುದಿಲ್ಲ. ಯಾಕೆಂದು ಮುಂದೆ ತಾನಾಗಿಯೇ ತಿಳಿಯುತ್ತದೆ. 'ಅವರು' ಎಂದೂ ಬರೆಯುವುದಿಲ್ಲ. ನನಗಿಂತ ಆರು ವರ್ಷಕ್ಕೆ ದೊಡ್ಡವನಾಗಿದ್ದರೂ ನಾನು ಅವನನ್ನು ಏಕವಚನದಲ್ಲೇ ಕರೆದವನು, ಅವನು ನನ್ನನ್ನು 'ಮಾಸ್ತರ್ರೆ' ಎಂದು ಬಹುವಚನದಲ್ಲಿ ಕರೆದವನು. ಅದು ಸರಿಯೋ ತಪ್ಪೋ, ಹಾಗೇ ಇತ್ತು. ಸತ್ತ ಮೇಲೆ ಮರ್ಯಾದೆ ಕೊಟ್ಟು ನಾಟಕ ಮಾಡಲು ನನಗೆ ಮನಸ್ಸಿಲ್ಲ.

ನಾನು ತ್ಯಾಗಲಿಯವನು. ಸಿದ್ದಾಪುರ ತಾಲೂಕಿನ ಒಂದು ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಭೂಗೋಳ ಹೇಳಿದೆ. ನಮ್ಮ ಕಡೆ ಭೂಗೋಳ ಹೇಳುವುದೆಂದರೆ ಗೋಡೆಗೆ ನಕಾಶೆ ತೂಗುಹಾಕಿ ಕೋಲಿನಲ್ಲಿ ಸಮುದ್ರ ಮುಟ್ಟಿಸುವುದು. ಶಿರಸಿಗೆ ಇವತ್ತಿಗೂ ರೈಲಿಲ್ಲ, ನಮ್ಮ ಮಕ್ಕಳಿಗೆ ಹಡಗೆಲ್ಲಿಂದ ಬರಬೇಕು? ಹಾಗಿರುವಾಗ ಕರಾವಳಿಯ ಒಂದು ಟ್ರಸ್ಟಿನವರು ಹಳೆಯ ಕಾಲದ ಹಾಯಿ ಹಡಗಿನ ಪಡಿಯಚ್ಚೊಂದನ್ನು ಕಟ್ಟಿಸಿದರು. ಹಿಂದೆ ನಮ್ಮ ಘಟ್ಟದ ಮೆಣಸು, ಅಡಿಕೆ ಎತ್ತಿನ ಬೆನ್ನ ಮೇಲೆ ಕೆಳಗಿಳಿದು ಅಂಥ ಹಡಗುಗಳನ್ನೇ ಹತ್ತುತ್ತಿತ್ತಂತೆ. ಎರಡು ಹಾಯಿಕಂಬ, ಪೂರಾ ಮರದ ಮೈ. ಹೊಟ್ಟೆಯೊಳಗೆ ಕದ್ದುಮುಚ್ಚಿ ಒಂದು ಇಂಜಿನ್ನೂ ಇತ್ತು, ಆದರೆ ಅದರ ಮಾತು ಮಕ್ಕಳೆದುರು ಯಾರೂ ಎತ್ತುತ್ತಿರಲಿಲ್ಲ. ಒಂದು ಸಲಕ್ಕೆ ಮೂವತ್ತು ಮಕ್ಕಳು, ನಾಲ್ಕು ದಿನದ ಯಾನ. ಗಾಳಿ, ಉಬ್ಬರ, ಇಳಿತ, ನಕ್ಷತ್ರ, ದಿಕ್ಕು, ಎಲ್ಲ ಹಡಗಿನ ಮೇಲೆಯೇ ಪಾಠ. ಪ್ರತಿ ವರ್ಷ ನಮ್ಮ ಹೈಸ್ಕೂಲಿನಿಂದ ಒಂದು ತಂಡ ಹೋಗುತ್ತಿತ್ತು, ಜೊತೆಗೆ ನಾನು.

ಹಡಗಿನಲ್ಲಿ ಏಳು ಜನ. ಮುಖ್ಯಸ್ಥ ತಾಂಡೇಲ. ಸಿಟ್ಟಿನ ಮನುಷ್ಯ, ಆದರೆ ಗಾಳಿಯ ವಾಸನೆ ಹಿಡಿದು ಹೇಳುತ್ತಿದ್ದ. ಮರಗೆಲಸದ ಒಬ್ಬ ಆಚಾರಿ, ಒಬ್ಬ ಅಡುಗೆಯವ, ನಾಲ್ವರು ಖಲಾಸಿಗಳು. ಆ ನಾಲ್ವರಲ್ಲಿ ಮೂವರು ಸಮುದ್ರದ ದಂಡೆಯಲ್ಲೇ ಹುಟ್ಟಿದವರು, ನಾಲ್ಕನೆಯವನು ಇವನು. ಇಡಗುಂದಿಯ ಕಡೆಯ ಕೊನೆಗೌಡ. ಅಡಿಕೆ ಮರ ಹತ್ತಿ ಕೊನೆ ಕೊಯ್ದು ಇಳಿಸುವವನು. ಐವತ್ತು ದಾಟುವವರೆಗೆ ಸಮುದ್ರವನ್ನು ಕಣ್ಣಿಂದ ಕಂಡವನಲ್ಲ.

ಅವನು ಹಡಗಿಗೆ ಬಂದದ್ದೇ ಒಂದು ತಮಾಷೆ. ತಾಂಡೇಲನಿಗೆ ಕಂಬ ಹತ್ತುವವರು ಬೇಕಿತ್ತು. ಘಟ್ಟದ ಕೆಳಗೆ ಎಲ್ಲರೂ ಇಂಜಿನ್ ಬೋಟಿನವರು, ಹಾಯಿ ಬಿಚ್ಚುವುದು ಅಜ್ಜಂದಿರ ಜೊತೆಗೇ ಮುಗಿದಿತ್ತು. ಹುಡುಗರು ಅರ್ಧ ಕಂಬಕ್ಕೆ ಹೋಗಿ ದೇವರ ಹೆಸರು ಹೇಳುತ್ತ ಇಳಿಯುತ್ತಿದ್ದರಂತೆ. ಆಗ ಹಡಗಿನ ಆಚಾರಿ ಮರ ನೋಡಲೆಂದು ಯಲ್ಲಾಪುರಕ್ಕೆ ಬಂದವನು, ರಸ್ತೆ ಬದಿಯ ತೋಟದಲ್ಲಿ ಇವನನ್ನು ಕಂಡ. ಒಂದು ಮರದ ತುದಿಯಲ್ಲಿ ಕೂತು, ಮರವನ್ನೇ ಜೀಕಿ ಬಗ್ಗಿಸಿ, ಪಕ್ಕದ ಮರ ಹಿಡಿದು ಅದಕ್ಕೆ ದಾಟಿಕೊಳ್ಳುತ್ತಿದ್ದ. ನೆಲಕ್ಕಿಳಿಯದೆ ಇಪ್ಪತ್ತು ಮರ. ಆಚಾರಿ ಬಸ್ಸು ತಪ್ಪಿಸಿಕೊಂಡು ನೋಡುತ್ತ ನಿಂತನಂತೆ.

ಹಡಗಿಗೆ ಬಂದ ಮೊದಲ ದಿನ ತಾಂಡೇಲ ಕಂಬಕ್ಕೆ ಕಟ್ಟಿದ ಹಗ್ಗದ ಏಣಿ ತೋರಿಸಿದ. ಇವನು ಅದರ ಕಡೆ ನೋಡಲೇ ಇಲ್ಲ. ಕಂಬದ ಮೈಗೆ ಅಂಗೈ ಇಟ್ಟ, ಬೆರಳ ಗೆಣ್ಣಿನಿಂದ ಎರಡು ಸಲ ಕುಟ್ಟಿದ, ಕಿವಿ ಇಟ್ಟು ಕೇಳಿದ. ಕಾಲಿಗೆ ತಳೆ ಸಿಕ್ಕಿಸಿಕೊಂಡು, ಅಂದರೆ ಮರ ಹತ್ತುವವರು ಪಾದಕ್ಕೆ ಹಾಕುವ ಬಳ್ಳಿಯ ಬಳೆ, ಸರಸರ ಮೇಲೆ ಹೋದ. ತುದಿಯಲ್ಲಿ ಕೂತು ರೂಢಿಯಂತೆ ಕಂಬವನ್ನು ಜೀಕಲು ನೋಡಿದನಂತೆ. ಕಂಬ ಬಗ್ಗಲಿಲ್ಲ, ಹಡಗೇ ತೂಗಿತು. ಕೆಳಗೆ ತಾಂಡೇಲ, "ಏಯ್ ಗೌಡಾ, ಎಂತ ಹಡಗ ಮಗಚೂಕೆ ಬಂದ್ಯನಾ?" ಎಂದು ಕೂಗಿದ. ಇಳಿದು ಬಂದು ಇವನು ಹೇಳಿದ್ದು ಒಂದೇ ಮಾತು: "ಮರ ಗಟ್ಟಿ ಅದೆ. ಆದ್ರೆ ನಡುವೆ ಒಂದು ಕಡೆ ಪೊಳ್ಳು ಕೇಳ್ತದೆ." ಆಚಾರಿ ನಕ್ಕುಬಿಟ್ಟ. ಮುಂದಿನ ಮಳೆಗಾಲದಲ್ಲಿ ಅದೇ ಜಾಗಕ್ಕೆ ತೇಪೆ ಹಾಕಿದವನೂ ಅದೇ ಆಚಾರಿ.

ಮೊದಲ ಎರಡು ತಿಂಗಳು ವಾಂತಿಯೋ ವಾಂತಿ. ಡೆಕ್ಕಿನ ಮೇಲೆ ನಿಂತರೆ ವಾಂತಿ, ಮಲಗಿದರೆ ವಾಂತಿ. ಕಂಬದ ತುದಿಗೆ ಹೋದರೆ ಮಾತ್ರ ಸಮ. "ಮೇಲೆ ನಂದೇ ಊರು ಮಾಸ್ತರ್ರೆ. ಕೆಳಗೇ ನಂಗೆ ಪರದೇಶ" ಎನ್ನುತ್ತಿದ್ದ. ಹಾಗಾಗಿ ಊಟದ ಡಬ್ಬಿಯನ್ನೂ ಮೇಲೆಯೇ ಒಯ್ಯುತ್ತಿದ್ದ. ಈಜು ಬರುತ್ತಿರಲಿಲ್ಲ. ಕಲಿ ಎಂದು ತಾಂಡೇಲ ಗದರಿದರೆ, "ಕಲ್ತ್ರೆ ಬೀಳೂಕೆ ಮನಸಾಗ್ತದೆ" ಎಂದು ಜಾರಿಕೊಳ್ಳುತ್ತಿದ್ದ.

ಸೊಂಟದ ಪಟ್ಟಿಯ ಬಗ್ಗೆ ಮಾತ್ರ ಅವರಿಬ್ಬರಿಗೂ ವರ್ಷವಿಡೀ ಜಗಳ. ಮೇಲೆ ಹೋದವರು ಪಟ್ಟಿ ಕಟ್ಟಿಕೊಂಡು ಅದರ ಕೊಕ್ಕೆಯನ್ನು ಕಂಬದ ಹಗ್ಗಕ್ಕೆ ಸಿಕ್ಕಿಸಬೇಕು ಎಂದು ನಿಯಮ. ಇವನಿಗೆ ಅದು ದನಕ್ಕೆ ಕಟ್ಟುವ ಕಣ್ಣಿ. ಕೊನೆಗೆ ಒಪ್ಪಿದ. ಒಪ್ಪಿದ್ದು ತಾಂಡೇಲನ ಬೈಗಳಿಗಲ್ಲ. ಒಂದು ಹುಡುಗಿ, "ನೀವೇ ಕಟ್ಟಿಕೊಳ್ಳದಿದ್ದರೆ ನಾವ್ಯಾಕೆ ಕಟ್ಟಿಕೊಳ್ಳಬೇಕು ಸರ್?" ಎಂದು ಕೇಳಿದ್ದಕ್ಕೆ. ಆಮೇಲೆ ಒಂದು ದಿನವೂ ತಪ್ಪಿಸಲಿಲ್ಲ.

ಸರ್! ಆ ಮಾತು ಅವನಿಗೆ ಎಷ್ಟು ರುಚಿಯಾಗಿತ್ತೆಂದು ಹೇಳಬೇಕು. ಯಾನಕ್ಕೆ ಒಂದು ವಾರ ಮೊದಲು ಹಡಗಿನಿಂದ ಒಬ್ಬರು ಘಟ್ಟ ಹತ್ತಿ ಬಂದು ಶಾಲೆಯಲ್ಲೇ ಮಕ್ಕಳಿಗೆ ಹಗ್ಗದ ಪಾಠ ಮಾಡುವ ಪದ್ಧತಿಯಿತ್ತು. ನಮ್ಮ ಕಡೆಯ ಭಾಷೆ ಬಲ್ಲವನೆಂದು ಇವನನ್ನೇ ಕಳಿಸುತ್ತಿದ್ದರು. ನಮ್ಮ ಮೈದಾನದ ಮಾವಿನ ಮರಕ್ಕೆ ಹಗ್ಗ ಇಳಿಬಿಟ್ಟು, ಗಂಟು ಹಾಕುವುದು, ಬಿಚ್ಚುವುದು, ಹಗ್ಗದ ಮೇಲೆ ಭಾರ ಬಿಡುವುದು, ಎಲ್ಲ ಕಲಿಸುತ್ತಿದ್ದ. ಮೂರನೆಯ ಇಯತ್ತೆಗೆ ಶಾಲೆ ಬಿಟ್ಟವನು. ಸ್ಟಾಫ್ ರೂಮಿನಲ್ಲಿ ಕುರ್ಚಿ ಕೊಟ್ಟರೆ ತುದಿಯಲ್ಲಿ ಕೂರುತ್ತಿದ್ದ. ಆದರೆ ಮರದ ಬುಡದಲ್ಲಿ ನಿಂತನೆಂದರೆ ನಮ್ಮ ಹೆಡ್ ಮಾಸ್ತರರಿಗೂ ಅಷ್ಟು ಗತ್ತು ಇರಲಿಲ್ಲ. ಮಕ್ಕಳು 'ಹಗ್ಗದ ಸರ್' ಎಂದು ಹೆಸರಿಟ್ಟವು. ಕವಳದ ಚಟವಿದ್ದವನು ಆ ಒಂದು ವಾರ ಎಲೆ ಮುಟ್ಟುತ್ತಿರಲಿಲ್ಲ. "ಸರ್ ಅಂತ್ರು ಮಾಸ್ತರ್ರೆ, ಬಾಯಿ ಕೆಂಪ ಮಾಡ್ಕಂಡಿರೂಕೆ ಆಗ್ತದ್ಯಾ?" ಎಂದು ನಾಚಿಕೊಂಡು ನಗುತ್ತಿದ್ದ.

ಅವನ ಪಾಠದಲ್ಲಿ ಒಂದು ಮಾತು ಪ್ರತಿ ವರ್ಷ ಬರುತ್ತಿತ್ತು. "ಮರ ಅಲ್ಲಾಡ್ತು ಅಂತ ಹೆದ್ರಬೇಡಿ. ಅಲ್ಲಾಡೂದಿಲ್ಲ ಅಂದ್ರೆ ಹೆದ್ರಿ. ಜೀವ ಇದ್ದದ್ದು ಅಲ್ಲಾಡ್ತದೆ." ಮಕ್ಕಳು ಇದನ್ನು ಬರೆದುಕೊಳ್ಳುತ್ತಿದ್ದವು. ನನ್ನ ಪಾಠದ ಒಂದು ಸಾಲನ್ನೂ ಅವು ಹಾಗೆ ಮನಸ್ಸಿಟ್ಟು ಬರೆದುಕೊಂಡದ್ದು ನಾನು ಕಾಣೆ. ನನಗೆ ಒಳಗೊಳಗೇ ಸ್ವಲ್ಪ ಹೊಟ್ಟೆಕಿಚ್ಚೂ ಆಗುತ್ತಿತ್ತು, ಸುಳ್ಳೇಕೆ ಹೇಳಲಿ.

ಇನ್ನೊಂದು ಪಾಠವಿತ್ತು. ಅದನ್ನು ಅವನು ಮಕ್ಕಳಿಗೆ ಹೇಳಲಿಲ್ಲ, ನನಗೆ ಹೇಳಿದ. ಹೇಳಬೇಕಾಗಿಯೂ ಇರಲಿಲ್ಲ. ಅಡಿಕೆ ಸೀಮೆಯಲ್ಲಿ ಬೆಳೆದ ನನಗೆ ಅದು ಮೊದಲೇ ಗೊತ್ತಿತ್ತು. ಅವನಂಥ ಹಳೆಯ ತಂಡದವರಲ್ಲಿ ಮರದ ಮೇಲಿದ್ದವನನ್ನು ಕೆಳಗಿನಿಂದ ಹೆಸರು ಹಿಡಿದು ಕರೆಯುವ ಹಾಗಿಲ್ಲ. ಏನು ಹೇಳುವುದಿದ್ದರೂ 'ಗೌಡಾ' ಎನ್ನಬೇಕು, ಇಲ್ಲವೇ ಕೂ ಎಂದು ಕೂಗಬೇಕು. ಹೆಸರು ಕರೆಯುವುದು ಒಂದೇ ಒಂದು ಹೊತ್ತಿಗೆ: ಅವನು ಕೂತ ಮರ ಬುಡದಲ್ಲಿ ಮುರಿಯುತ್ತಿದೆ ಎಂದು ಕೆಳಗಿದ್ದವನ ಕಣ್ಣಿಗೆ ಬಿದ್ದಾಗ. ಹೆಸರು ಕಿವಿಗೆ ಬಿತ್ತೋ, ಮೇಲಿದ್ದವನು ಯಾಕೆ ಏನು ಎಂದು ಕೇಳುವುದಿಲ್ಲ, ಕೆಳಗೆ ನೋಡುವುದಿಲ್ಲ. ಕೈಯಲ್ಲಿದ್ದದ್ದನ್ನು ಬಿಟ್ಟು ಪಕ್ಕದ ಮರಕ್ಕೆ ಹಾರುತ್ತಾನೆ. ಯೋಚನೆ ಮಾಡಿದರೆ ಸತ್ತ. ಅದಕ್ಕಾಗಿಯೇ ಚಿಕ್ಕಂದಿನಿಂದ ಮೈಗೆ ಕಲಿಸಿರುತ್ತಾರೆ. ಅವನ ಅಪ್ಪ ಹಾಗೆ ಹಾರಿ ಎರಡು ಸಲ ಉಳಿದವನಂತೆ. "ನಮ್ ಮನೇಲಿ ಮೂರು ತಲೆಮಾರಿಂದ ಯಾರೂ ಜಾರಲಿಲ್ಲ ಮಾಸ್ತರ್ರೆ" ಎಂದು ಬೆರಳು ಮಡಚಿ ಹೇಳುತ್ತಿದ್ದ. ಆಸ್ತಿಯಿಲ್ಲದ ಮನೆ, ಇದ್ದ ಆಸ್ತಿ ಅದೊಂದೇ.

ಈಗ ಆ ದಿನ.

ಯಾನದ ಕೊನೆಯ ದಿನ. ಬೆಳಗಿನ ಎಂಟು ಗಂಟೆ ಇರಬಹುದು, ಎಳೆ ಬಿಸಿಲು. ನದಿಯ ಬಾಯಿ ಕಾಣುತ್ತಿತ್ತು. ಮಕ್ಕಳು ಹಾಡಿಕೊಂಡು ಹಗ್ಗ ಸುತ್ತುತ್ತಿದ್ದವು. ಅವನು ಮೇಲಿನ ಹಾಯಿ ಕಟ್ಟಿ ಮುಗಿಸಿ, ಇಳಿಯಲೆಂದು ಕೊಕ್ಕೆ ಬಿಚ್ಚಿದ್ದ. ಒಂದು ಕೈ ಕಂಬಕ್ಕೆ, ಹಿಂದೆ ನೀಲಿ ಆಕಾಶ. ನನಗೆ ಚಂದ ಕಂಡಿತು. ಶಾಲೆಯ ವಾರ್ಷಿಕ ವರದಿಗೆ ಒಂದು ಫೋಟೋ ಬೇಕಿತ್ತು. ಮೊಬೈಲ್ ಎತ್ತಿ ಹಿಡಿದೆ. ಅವನು ಆಚೆ ಮುಖ ಮಾಡಿದ್ದ. "ಗೌಡಾ" ಎಂದು ಕೂಗಿದೆ, ಗಾಳಿಗೆ ಕೇಳಲಿಲ್ಲ. ಇನ್ನೊಮ್ಮೆ "ಗೌಡಾ, ಇತ್ತ ನೋಡು" ಎಂದೆ. ಕೇಳಲಿಲ್ಲ. ಮೂರನೆಯ ಸಲ ಹೆಸರು ಹಿಡಿದು ಕೂಗಿದೆ.

ಕೇಳಿತು.

ಅವನು ನನ್ನ ಕಡೆ ನೋಡಲಿಲ್ಲ. ಕಂಬ ಬಿಟ್ಟ. ಎರಡೂ ಕೈ ಮುಂದೆ ಚಾಚಿ, ಎಡಕ್ಕೆ, ಪಕ್ಕದ ಮರಕ್ಕೆ ಹಾರಿದ. ಪಕ್ಕದಲ್ಲಿ ಮರ ಇರಲಿಲ್ಲ.

ಹಗ್ಗಗಳಿಗೆ ತಾಗಿ, ಡೆಕ್ಕಿನ ಅಂಚಿಗೆ ಸೊಂಟ ಬಡಿದು ಒಳಕ್ಕೇ ಬಿದ್ದ. ನೀರಿಗೆ ಬಿದ್ದಿದ್ದರೆ ತಾಂಡೇಲ ಎತ್ತುತ್ತಿದ್ದ, ಏನೂ ಆಗುತ್ತಿರಲಿಲ್ಲ ಎಂದು ಆಮೇಲೆ ಎಲ್ಲರೂ ಹೇಳಿದರು. ನನ್ನ ಮೊಬೈಲಿನಲ್ಲಿ ಫೋಟೋ ಬಂದಿತ್ತು. ಹೇಗೋ ಬೆರಳು ಒತ್ತಿತ್ತು.

ಹಡಗಿನ ಮೇಲೆ ಹತ್ತಿರಹತ್ತಿರ ನಲವತ್ತು ಜನ ಇದ್ದೆವು. ನಾನು ಕೂಗಿದ್ದನ್ನು ಹತ್ತಾರು ಜನ ಕೇಳಿರಬೇಕು. ಆದರೆ ಯಾರಿಗೂ ಅದು ಏನೂ ಅಲ್ಲ. ಮೇಷ್ಟ್ರು ಫೋಟೋಕ್ಕೆ ಕರೆದರು, ಅಷ್ಟೇ. ತಾಂಡೇಲ ಸಮುದ್ರದವನು, ಅವನಿಗೆ ಈ ಪದ್ಧತಿ ತಿಳಿಯದು. ಮಕ್ಕಳಿಗೆ ತಿಳಿಯದು, ಈಗಿನ ಮಕ್ಕಳು ತೋಟಕ್ಕೆ ಹೋದರಲ್ಲವೇ? ಹೆಸರು ಕರೆದರೆ ಏನಾಗುತ್ತದೆಂದು ಗೊತ್ತಿದ್ದವರು ಅಲ್ಲಿ ಇಬ್ಬರೇ. ಒಬ್ಬ ಡೆಕ್ಕಿನ ಮೇಲೆ ಬಿದ್ದಿದ್ದ, ಇನ್ನೊಬ್ಬ ನಾನು.

ಸಂಜೆ ಟ್ರಸ್ಟಿನ ಕಚೇರಿಯಲ್ಲಿ ವರದಿ ಬರೆಯಬೇಕಾಯಿತು. "ಮಾಸ್ತರ್ರೆ, ನಿಮ್ಮ ಅಕ್ಷರ ಚಲೋ ಅದೆ, ನೀವೇ ಬರೀರಿ" ಎಂದ ತಾಂಡೇಲ. ಬರೆದೆ. 'ಕೆಲಸ ಮುಗಿಸಿ ಇಳಿಯುವಾಗ ಕೊಕ್ಕೆ ಹಾಕಿರದ ಕಾರಣ ಕಾಲು ಜಾರಿ ಬಿದ್ದಿರುತ್ತಾನೆ.' ಒಂದು ಕಾಟಿಲ್ಲ, ಒಂದು ಚಿತ್ತಿಲ್ಲ. ಎಲ್ಲರೂ ರುಜು ಹಾಕಿದರು. ಯಾರೂ ನನ್ನ ಕೈ ಹಿಡಿದು ಬರೆಸಲಿಲ್ಲ. ಮರುದಿನ ಮಕ್ಕಳನ್ನು ಕರೆದುಕೊಂಡು ಘಟ್ಟ ಹತ್ತುವಾಗ ಬಸ್ಸಿನಲ್ಲಿ ಕೂತು ಆ ಫೋಟೋ ತೆಗೆದು ನೋಡಿದೆ. ಜಾರಿದವನ ಕೈ ಹಾಗೆ ಚಾಚಿರುವುದಿಲ್ಲ. ಕುರುಡನಿಗೂ ಗೊತ್ತಾಗುವಂತಿತ್ತು. ಎರಡು ತಿರುವು ದಾಟುವಷ್ಟರಲ್ಲಿ ಅದನ್ನು ಅಳಿಸಿಬಿಟ್ಟೆ.

ಯಾಕೆ ಎಂದು ಕೇಳಬಹುದು. ಹೆಡ್ ಮಾಸ್ತರಿಕೆಯ ಬಡ್ತಿ ಹತ್ತಿರವಿತ್ತು. ವಿಚಾರಣೆ ಗಿಚಾರಣೆ ಎಂದರೆ ಹೆದರಿಕೆ. ಇದಕ್ಕಿಂತ ದೊಡ್ಡ ಕಾರಣ ಹುಡುಕಿದೆ, ಸಿಗಲಿಲ್ಲ.

ಶಿರಸಿಯ ಆಸ್ಪತ್ರೆಯಲ್ಲಿ ಅವನು ತಿಂಗಳುಗಟ್ಟಲೆ ಇದ್ದ. ಸೊಂಟದ ಕೆಳಗೆ ಬಲಗಾಲು ಮಾತ್ರ ಅಷ್ಟಿಷ್ಟು ಮಾತು ಕೇಳುತ್ತಿತ್ತು. ಮೂರನೆಯ ಸಲ ನೋಡಲು ಹೋದಾಗ ಅವನ ಮಗಳು ಔಷಧ ತರಲು ಹೊರಗೆ ಹೋದಳು. ಅವನು ಅದಕ್ಕಾಗಿಯೇ ಕಾದವನಂತೆ ತಲೆ ಎತ್ತಿದ.

"ಮಾಸ್ತರ್ರೆ, ತಾಂಡೇಲ ಬಂದಿದ್ದ. ಕಾಗದದಲ್ಲಿ ಜಾರಿ ಬಿದ್ದ ಅಂತ ಬರ್ದದೆ ಅಂದ."

ನಾನು ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತೆ.

"ಗೌಡ ಗುಣ ಆದ್ರೆ ಹಡಗಲ್ಲಿ ಕೂತ್ಕಂಡು ಮಕ್ಕಳಿಗೆ ಹಗ್ಗ ಕಲ್ಸ್ಲಿ ಅಂತ ಅವ ಟ್ರಸ್ಟಿನವ್ರ ಹತ್ರ ಕೇಳಿದ್ನಂತೆ. ಕಾಲು ಜಾರಿದವನ ಕೈಯಲ್ಲಿ ಮಕ್ಕಳನ್ನ ಹೆಂಗೆ ಕೊಡೂದು ಅಂದ್ರಂತೆ." ಬಾಗಿಲ ಕಡೆ ಒಮ್ಮೆ ನೋಡಿದ. "ನೀವು ಅವ್ರಿಗೆ ಒಂದು ಕಾಗದ ಹಾಕಿ. ನೀವು ಕರ್ದ್ರಿ ಅಂತ ಬರ್ಯೂದು ಬ್ಯಾಡ. ನಿಮ್ಗೆ ತೊಂದ್ರೆ ಆಗ್ತದೆ, ನಂಗೊತ್ತದೆ. ಬಿದ್ದ ಅಂತ ಬರೀರಿ, ಸಾಕು. ಆ ಜಾರಿದ ಅನ್ನೂದೊಂದು ತೆಗ್ಸಿ ಹಾಕಿ. ಅದೊಂದೇ."

ಆಯ್ತು ಎಂದೆ. ಅವನ ಕೈ ಹಿಡಿದುಕೊಂಡು ಆಯ್ತು ಎಂದೆ. ಆ ಕೈ ನನ್ನ ಕೈಗಿಂತ ಗಟ್ಟಿಯಾಗಿತ್ತು. ಬದುಕಿನಲ್ಲಿ ಅವನು ನನ್ನನ್ನು ಕೇಳಿದ್ದು ಅದೊಂದೇ, ಮತ್ತೇನನ್ನೂ ಕೇಳಲಿಲ್ಲ.

ಮನೆಗೆ ಬಂದು ಹೆಂಡತಿಗೆ ಎಲ್ಲ ಹೇಳಿದೆ. ಅವಳು ಹಾಲು ಕಾಸುತ್ತ ನಿಂತಿದ್ದಳು, ತಿರುಗಲಿಲ್ಲ. "ಈಗ ಎಂತಕ್ಕೆ ಬೇಕು ಅದೆಲ್ಲ? ಮುಗದ್ದು ಮುಗತ್ತು. ಕೆದಕಿದ್ರೆ ಅವನ ಕಾಲು ಬತ್ತಿಲ್ಲೆ" ಎಂದಳು. ಅವಳನ್ನು ದೂರುವುದಿಲ್ಲ. ನಾನು ಕೇಳಬೇಕೆಂದಿದ್ದನ್ನೇ ಅವಳು ಹೇಳಿದಳು. ಬಡ್ತಿ ಬರಲಿ, ಆಮೇಲೆ ಬರೆಯೋಣ ಎಂದುಕೊಂಡೆ. ಬಡ್ತಿ ಬಂತು. ಹೊಸ ಜಾಗ, ಪರೀಕ್ಷೆ ಮುಗಿಯಲಿ ಎಂದುಕೊಂಡೆ. ಪರೀಕ್ಷೆ ಪ್ರತಿ ವರ್ಷ ಬರುತ್ತದೆ, ಪ್ರತಿ ವರ್ಷ ಮುಗಿಯುತ್ತದೆ. ನಿವೃತ್ತಿಯಾಗಲಿ ಎಂದುಕೊಂಡೆ.

ಈ ನಡುವೆ ಅವನು ಒಂದು ಸಲ ತಾನೇ ಹೊರಟಿದ್ದನಂತೆ. ಎರಡೂ ಕಂಕುಳಿಗೆ ಊರುಗೋಲು ಕೊಟ್ಟುಕೊಂಡು, ಮಗಳ ಜೊತೆ ಬಸ್ಸು ಹತ್ತಿ, ಘಟ್ಟ ಇಳಿದು, ಟ್ರಸ್ಟಿನ ಕಚೇರಿಯ ಮೆಟ್ಟಿಲ ಮೇಲೆ ಕೂತಿದ್ದನಂತೆ. ಚೀಲದಲ್ಲಿ ಒಂದು ಹಗ್ಗ ಒಯ್ದಿದ್ದ. ಕಚೇರಿಯವರು ಹೊರಗೆ ಬಂದಾಗ ಕೂತಲ್ಲೇ ಹನ್ನೊಂದು ಗಂಟು ಹಾಕಿ ಬಿಚ್ಚಿ ತೋರಿಸಿದನಂತೆ. ಅವರೂ ಕೆಟ್ಟವರಲ್ಲ, ಚಹಾ ಕೊಟ್ಟರು. ಕಡತ ತೆಗೆದು ಓದಿ ಹೇಳಿದರು: "ಇದರಲ್ಲಿ ಹೀಗೆ ಬರೆದಿದೆಯಲ್ಲ ಗೌಡರೇ, ನಿಮ್ಮ ಜೊತೆ ಇದ್ದ ಮಾಸ್ತರರೇ ಬರೆದಿದ್ದಾರೆ." ಅವನು ಹಗ್ಗ ಸುತ್ತಿ ಚೀಲಕ್ಕೆ ಹಾಕಿಕೊಂಡು ಎದ್ದನಂತೆ. ಕಾಗದದಲ್ಲಿ ನಾನೇ ಬರೆದದ್ದೆಂದು ಅವನಿಗೆ ಗೊತ್ತಾದದ್ದು ಅಲ್ಲಿ. ಇದನ್ನೆಲ್ಲ ನನಗೆ ಹೇಳಿದವಳು ಅವನ ಮಗಳು. ಅವನು ಯಾವತ್ತೂ ಬಾಯಿ ಬಿಡಲಿಲ್ಲ. ಅದನ್ನು ಕೇಳಿಯೂ ಆವತ್ತು ರಾತ್ರಿ ಉಂಡು ಮಲಗಿದೆ.

ಹಡಗಿನ ಕಥೆಯೂ ಮುಗಿಯುತ್ತ ಬಂದಿತ್ತು. ಕಂಬದಲ್ಲಿ ಪೊಳ್ಳು ಬೆಳೆದಿತ್ತು, ಪರವಾನಗಿ ಸಿಗಲಿಲ್ಲ. ನದಿಯ ಕೆಸರಿನಲ್ಲಿ ವಾಲಿಕೊಂಡು ನಿಂತಿತು, ಕೊಕ್ಕರೆಗಳು ಕೂರತೊಡಗಿದವು. ತಾಂಡೇಲ ಇಂಜಿನ್ ಬೋಟಿಗೆ ಹೋದ. ಅಡುಗೆಯವ ಯಲ್ಲಾಪುರದಲ್ಲಿ ಒಂದು ಚಹಾದ ಅಂಗಡಿ ಹಾಕಿದ. ಆಚಾರಿ ಶಿರಸಿಯಲ್ಲಿ ಸೋಫಾ ಮಾಡುವ ಕಡೆ ಕೂಲಿಗಿದ್ದಾನೆ. ಒಂದು ದಿನ ಸಿಕ್ಕಿದ. "ಮಾಸ್ತರ್ರೆ, ಗೌಡ ಮೊದಲ್ನೇ ದಿನ್ವೇ ಹೇಳಿದ್ದ. ಮರ ತಟ್ಟಿ ಕೇಳಿದವ ಜಾರೂದು ಅಂದ್ರೆ ನಂಗಂತೂ ನಂಬೂಕಾಗೂದಿಲ್ಲ" ಎಂದ. ನನ್ನ ಮುಖವನ್ನೇ ನೋಡುತ್ತಿದ್ದ. ಬಸ್ಸಿಗೆ ಹೊತ್ತಾಯಿತು ಎಂದು ನಾನು ಹೊರಟೆ.

ನಿವೃತ್ತಿಯಾಗಿ ಎರಡು ತಿಂಗಳಿಗೆ ಕಾಗದ ಬರೆದೆ. ನಾಲ್ಕು ಪುಟ. ಪದ್ಧತಿ ಏನು, ನಾನು ಏನು ಮಾಡಿದೆ, ಅವನು ಯಾಕೆ ಹಾರಿದ, ಯಾವುದನ್ನೂ ಬಚ್ಚಿಡಲಿಲ್ಲ. ರಿಜಿಸ್ಟರ್ ಮಾಡಿ ಟ್ರಸ್ಟಿಗೆ ಕಳಿಸಿದೆ. ಹತ್ತು ದಿನಕ್ಕೆ ಲಕೋಟೆ ಹಾಗೇ ವಾಪಸು ಬಂತು. ವಿಳಾಸದವರು ಇಲ್ಲ ಎಂದು ಪೋಸ್ಟಿನವರು ಬರೆದಿದ್ದರು. ನಾನೇ ಘಟ್ಟ ಇಳಿದು ಹೋದೆ. ಕಚೇರಿಯಿದ್ದ ಜಾಗದಲ್ಲಿ ಟೈಲ್ಸ್ ಅಂಗಡಿ ಇತ್ತು. ಕಡತಗಳೆಲ್ಲ ಏನಾದವು ಎಂದು ಕೇಳಿದೆ. ಅಂಗಡಿಯ ಹುಡುಗಿ, "ಗೊತ್ತಿಲ್ಲ ಸರ್, ನಾವು ಬರುವಾಗ ಖಾಲಿ ಇತ್ತು" ಎಂದಳು. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರಂತೆ. ಮಕ್ಕಳಿಗೆ ಎಷ್ಟು ಸಲ ಈ ಗಾದೆ ವಿಸ್ತರಿಸಿ ಬರೆಯಿರಿ ಎಂದಿದ್ದೆನೋ.

ಕಾಗದ ತಿದ್ದಲು ಜಾಗವಿಲ್ಲದಿದ್ದರೆ ಬೇಡ, ಅವನಿಗಾದರೂ ಓದಿ ಹೇಳೋಣ ಎಂದು ಇಡಗುಂದಿಗೆ ಹೋದೆ. ಮಧ್ಯಾಹ್ನದ ಹೊತ್ತು. ಅಂಗಳದ ಬದಿಯ ಜಗಲಿಯಲ್ಲಿ ಮಂಚ ಹಾಕಿ ಮಲಗಿಸಿದ್ದರು. ತುಂಬ ಇಳಿದುಹೋಗಿದ್ದ. ಕಣ್ಣಿಗೆ ಪೊರೆ ಬಂದಿತ್ತು. ದನಿಯ ಮೇಲೆ ಗುರುತು ಹಿಡಿದ.

"ಓ ಮಾಸ್ತರ್ರೆ! ಬನ್ನಿ ಬನ್ನಿ. ಮಕ್ಕಳು ಹೆಂಗಿದ್ವು?"

ನನಗೆ ಶಾಲೆಯಿಲ್ಲ, ಮಕ್ಕಳಿಲ್ಲ ಎಂದು ಹೇಳಲು ಮನಸ್ಸಾಗಲಿಲ್ಲ. ಚೆನ್ನಾಗಿದ್ದಾವೆ ಎಂದೆ.

"ಈ ಮಂಚ ಒಂಚೂರೂ ಅಲ್ಲಾಡೂದಿಲ್ಲ ನೋಡಿ. ಅದೇ ಹೆದ್ರಿಕೆ ನಂಗೆ" ಎಂದು ನಕ್ಕ.

ಲಕೋಟೆ ಒಡೆದೆ. ಮಗಳು ಬಾಗಿಲಿಗೆ ಒರಗಿ ನಿಂತು ಕೇಳುತ್ತಿದ್ದಳು. ನಾಲ್ಕು ಪುಟವನ್ನೂ ಓದಿದೆ. ಕೊನೆಯ ಪುಟದ ಕಡೆಯ ಸಾಲುಗಳನ್ನು ಎರಡು ಸಲ ಓದಿದೆ. 'ಆತನು ಜಾರಲಿಲ್ಲ. ಹೆಸರು ಕೇಳಿ ಹಾರಿದನು. ಹೆಸರು ಕರೆದವನು ನಾನು.' ಮುಗಿಯಿತು. ಅವನ ಕೈಬೆರಳು ಕಂಬಳಿಯ ಎಳೆಯೊಂದನ್ನು ಗಂಟು ಹಾಕುತ್ತಿತ್ತು, ಬಿಚ್ಚುತ್ತಿತ್ತು.

"ಚಂದ ಬರ್ದೀರಿ" ಎಂದ. "ಆದ್ರೆ ಸುಳ್ಳು ಯಾಕೆ ಮಾಸ್ತರ್ರೆ? ನಾನು ಜಾರಿದ್ದೆ."

"ಇಲ್ಲ ಮಾರಾಯ. ನೀನೇ ಆಸ್ಪತ್ರೆಯಲ್ಲಿ ಹೇಳಿದ್ದೆಯಲ್ಲ, ಜಾರಿದ ಅನ್ನುವುದನ್ನು ತೆಗೆಸಿ ಅಂತ. ನೆನಪು ಮಾಡಿಕೋ."

"ಆಗ ಅಂದಿರ್ಬೇಕು. ಸೊಕ್ಕು. ಜಾರಿದೆ ಅಂತ ಒಪ್ಪೂಕೆ ಯಾರಿಗೆ ಮನಸಾಗ್ತದೆ? ಆಮೇಲೆ ಮಲಗಿದಲ್ಲೇ ವಿಚಾರ ಮಾಡ್ದೆ. ತಾಂಡೇಲ ಹೇಳ್ತ. ಟ್ರಸ್ಟಿನವ್ರು ಹೇಳ್ತ್ರು. ಊರವ್ರು ಹೇಳ್ತ್ರು. ಕಾಗದ ಬರ್ದವ್ರು ನೀವು. ಇಷ್ಟು ಜನ ಹೇಳೂದು ಸುಳ್ಳಾಗ್ತದ್ಯಾ? ನಮ್ಮನೇಲಿ ಜಾರಿದವ ನಾನೊಬ್ಬನೇ. ಆಯ್ತು. ಯಾರಾದ್ರೂ ಒಬ್ಬ ಜಾರ್ಬೇಕಲ್ರಾ."

"ನಾನು ಹೆಸರು ಹಿಡಿದು ಕರೆದೆ. ನಿನ್ನ ಕಿವಿಗೆ ಬಿತ್ತು. ನೀನು ಹಾರಿದೆ."

ಅವನು ತಲೆ ಅಲ್ಲಾಡಿಸಿದ. ಹಠ ಮಾಡುವ ಮಗುವನ್ನು ಸಮಾಧಾನ ಮಾಡುವವನಂತೆ ನನ್ನ ಮೊಣಕೈ ತಟ್ಟಿದ.

"ನೀವು ಕರೀಲಿಲ್ಲ. ಮರ ಹತ್ತಿದವನ ಹೆಸರು ನೀವು ಕರ್ಯೂವ್ರಾ? ನಿಮ್ಗೆ ಗೊತ್ತದ್ಯಲ್ಲ."

ಮಗಳು ಚಹಾ ತಂದಿಟ್ಟಳು. ಅವಳು ನನ್ನ ಮುಖ ನೋಡಲಿಲ್ಲ. ಕುಡಿದೆ. ಕಾಗದವನ್ನು ಅವನ ದಿಂಬಿನ ಹತ್ತಿರ ಇಟ್ಟೆ. ನಾಲ್ಕು ಗಂಟೆಯ ಬಸ್ಸಿಗೆ ರಸ್ತೆಗೆ ಬಂದು ನಿಂತೆ. ಅದಾಗಿ ಐದು ವಾರಕ್ಕೆ ಅವನು ತೀರಿಕೊಂಡ.

ಸುಟ್ಟು ಮುಗಿದ ಮೇಲೆ ಅವನ ಮಗಳು ಆ ಲಕೋಟೆಯನ್ನು ತಂದು ನನ್ನ ಕೈಗೆ ಕೊಟ್ಟಳು. "ಅಪ್ಪ ಇದನ್ನ ನಿಮ್ಗೇ ಕೊಡೂಕೆ ಹೇಳಿದ್ದ. ಮಾಸ್ತರ್ರು ಪಾಪ ನಂಗೋಸ್ಕರ ಸುಳ್ಳು ಬರ್ದಾರೆ, ಯಾರಾದ್ರೂ ನೋಡಿದ್ರೆ ಅವ್ರಿಗೆ ತೊಂದ್ರೆ ಆಗ್ತದೆ ಅಂದಿದ್ದ" ಎಂದಳು. ಅದೀಗ ನನ್ನ ಮೇಜಿನ ಮೇಲಿದೆ. ಅದರಲ್ಲಿ ಅವನ ಹೆಸರು ಹನ್ನೆರಡು ಸಲ ಬರೆದಿದ್ದೇನೆ. ಇಲ್ಲಿ ಒಂದು ಸಲವೂ ಬರೆಯಲಾರೆ. ಅವನಿದ್ದಾಗ ಒಂದೇ ಒಂದು ಸಲ ಆ ಹೆಸರು ಹಿಡಿದು ಕರೆದೆ. ಅವನು ನನ್ನನ್ನು ನಂಬಿ ಹಾರಿದ.